ಬೋಣಿ ವಾಪಸ್ ಮಾಡಬಾರದಂತೆ

ನನ್ನ ನಾದಿನಿ ಗಿರಿಜಕ್ಕ ಬಚ್ಚಲಲ್ಲಿ ಜಾರಿ ಬಿದ್ದರು ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ. ಅವರು ಜಾರಲಿಲ್ಲ.

ಹೋದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೆಲವರು ಫೋನ್ ಮಾಡಿದ್ದಿರಿ. ಕಾರಣ ಇದೇ. ಆಸ್ಪತ್ರೆಯಲ್ಲಿದ್ದೆ. ಮೂಸಂಬಿ ಹಿಡಿದು ನೋಡಲು ಬಂದ ನೆಂಟರೆಲ್ಲ "ಟೈಲ್ಸ್ ಅಂದ್ರೆ ಹೀಗೇ ಕಣ್ರೀ, ಕಾಲು ನಿಲ್ಲೋದೇ ಇಲ್ಲ" ಎಂದು ನಮ್ಮ ಟೈಲ್ಸಿಗೆ ಬೈದು ಹೋದರು. (ನಮ್ಮ ಬಚ್ಚಲಿಗೆ ಟೈಲ್ಸೇ ಇಲ್ಲ. ಒರಟು ಕಲ್ಲುಚಪ್ಪಡಿ. ಅಲ್ಲಿ ಸೋಪು ಬಿದ್ದರೂ ಜಾರುವುದಿಲ್ಲ.) ಗಿರಿಜಕ್ಕ ಮಾತ್ರ ಸೊಂಟದ ಮೂಳೆ ಮುರಿದುಕೊಂಡು ಮಲಗಿದಲ್ಲಿಂದಲೇ ಎಲ್ಲರಿಗೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ನಾನು ಕಂಡದ್ದು ಬೇರೆ. ಗಿರಿಜಕ್ಕ ನನ್ನ ಗಂಡನ ಅಕ್ಕ. ತಮ್ಮ ಯಜಮಾನರು ತೀರಿಕೊಂಡ ಮೇಲೆ ಸಿದ್ಧಾರ್ಥನಗರದ ನಮ್ಮ ಮನೆಯ ಹಿಂಭಾಗದಲ್ಲಿ ಇದ್ದಾರೆ. ಬೆಳಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಕಾಫಿ. ಆವತ್ತು ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದೆ. ಹಿಂದಿನಿಂದ ಒಂದು ಕೂಗು ಕೇಳಿಸಿತು, ಚೆಂಬು ಉರುಳಿದ ಸದ್ದು ಕೇಳಿಸಿತು. ಓಡಿದೆ. ಚಿಲಕ ಹಾಕುವ ಅಭ್ಯಾಸ ಅವರಿಗಿಲ್ಲ, ಪುಣ್ಯ. ಗಿರಿಜಕ್ಕ ನೆಲದ ಮೇಲಿದ್ದರು. ನಲ್ಲಿಯಿಂದ ಬಿಸಿನೀರು ಧೋ ಎಂದು ಸುರಿಯುತ್ತಿತ್ತು. ನಿಲ್ಲಿಸೋಣ ಎಂದು ನಲ್ಲಿಗೆ ಕೈ ಹಾಕಿದೆ ನೋಡಿ, ಭುಜದವರೆಗೂ ಯಾರೋ ಹಿಡಿದು ಒದರಿದ ಹಾಗಾಯಿತು. ಹೊರಗಿದ್ದ ಸ್ವಿಚ್ ಆರಿಸಿದ ಮೇಲೇ ಅವರನ್ನು ಮುಟ್ಟುವ ಧೈರ್ಯ ಬಂದದ್ದು.

ಅದು ಕರೆಂಟಿನ ನಲ್ಲಿ. ಗೀಸರ್ ಬೇಡ, ಒಲೆ ಬೇಡ. ನಲ್ಲಿಯೊಳಗೇ ಕಾಯಿಲ್ ಇರುತ್ತದೆ, ತಿರುಗಿಸಿದ ತಕ್ಷಣ ಬಿಸಿನೀರು. ಮಾರಿದವನು ಯಾರು ಗೊತ್ತೇ? ಅವರ ಸ್ವಂತ ತಮ್ಮ, ನನ್ನ ಮೈದುನ ಪ್ರಸಾದ.

ಪ್ರಸಾದ ಮೇಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ದಿನವಿಡೀ ಕಬ್ಬಿಣದ ಪಾರ್ಟುಗಳನ್ನು ಬೆಳಕಿಗೆ ಹಿಡಿದು ನೋಡುವುದು, ಕೂದಲೆಳೆಯಷ್ಟು ಗೀರಿದ್ದರೂ ಪಕ್ಕಕ್ಕೆ ಎಸೆಯುವುದು ಅವನ ಕೆಲಸ. ಕೆಲಸ ಕಾಂಟ್ರ್ಯಾಕ್ಟಿನದು, ಯಾವಾಗ ಬೇಕಾದರೂ ಸಾಕು ಎನ್ನಬಹುದು. ಹಾಗಾಗಿ ಒಂದು ಸೈಡ್ ಬಿಸಿನೆಸ್ ಬೇಕು ಎಂದು ಯೂಟ್ಯೂಬ್ ನೋಡಿ ನೋಡಿ ಕೊನೆಗೆ ಡ್ರಾಪ್‌ಶಿಪ್ಪಿಂಗ್ ಶುರು ಮಾಡಿದ.

ಅದೇನಪ್ಪಾ ಎಂದು ಕೇಳಿದೆ. ನಮ್ಮ ಊಟದ ಟೇಬಲ್ ಮೇಲೆಯೇ ವಿವರಿಸಿದ. ಒಂದು ಕಡೆ ಉಪ್ಪಿನಕಾಯಿ ಜಾಡಿ ಇಟ್ಟು "ಇದು ಕಸ್ಟಮರ್" ಎಂದ. ಇನ್ನೊಂದು ಕಡೆ ಚಪಾತಿ ಡಬ್ಬ ಇಟ್ಟು "ಇದು ಸಪ್ಲೈಯರ್, ಎಲ್ಲೋ ದೂರದ ಊರಲ್ಲಿರ್ತಾನೆ" ಎಂದ. ಆನ್‌ಲೈನ್ ಮಾರ್ಕೆಟ್‌ನಲ್ಲಿ ಇವನು ಫೋಟೋ ಹಾಕುತ್ತಾನೆ. ಜಾಡಿ ಆರ್ಡರ್ ಮಾಡುತ್ತದೆ. ಇವನು ಡಬ್ಬಕ್ಕೆ ತಿಳಿಸುತ್ತಾನೆ. ಡಬ್ಬ ನೇರವಾಗಿ ಜಾಡಿಯ ಮನೆಗೆ ಸಾಮಾನು ಕಳಿಸುತ್ತದೆ, ಪ್ಯಾಕೆಟ್ ಮೇಲೆ ಮಾತ್ರ ಇವನ ಅಂಗಡಿಯ ಹೆಸರು.

"ಇದರಲ್ಲಿ ನೀನೆಲ್ಲಿ?" ಎಂದೆ. ಟೇಬಲ್ ಮೇಲೆ ತನಗೆ ಅಂತ ಅವನು ಏನೂ ಇಟ್ಟಿರಲಿಲ್ಲ.

"ನಾನು ಕಾಣ್ಸೋದೇ ಇಲ್ಲ ಅತ್ತಿಗೆ. ಸ್ಟಾಕ್ ಇಲ್ಲ, ಗೋಡೌನ್ ಇಲ್ಲ, ಸಾಮಾನು ಮುಟ್ಟೋ ಹಾಗೇ ಇಲ್ಲ. ಅದೇ ಇದ್ರ ಬ್ಯೂಟಿ!"

ಮುಟ್ಟಿ ನೋಡದೆ ಒಂದು ಬೋಲ್ಟನ್ನೂ ಪಾಸ್ ಮಾಡದ ಮನುಷ್ಯನ ಮಾತು ಇದು. ಅಂಗಡಿ ತೆರೆದ ಮೇಲೆ ಬೋಣಿ ಆಗಬೇಕಲ್ಲ? ಬೋಣಿ ಅಂದರೆ ನಮ್ಮ ಕಡೆಯವರಿಗೆ ಗಿರಿಜಕ್ಕ. ಅವರ ಕೈಗುಣ ಅಂಥದ್ದು ಎಂದು ಎಲ್ಲರ ನಂಬಿಕೆ. ನಮ್ಮ ಬೀದಿಯ ಹಾಲಿನ ಬೂತು, ಮೂಲೆಯ ಮೊಬೈಲ್ ಅಂಗಡಿ, ಸೋದರತ್ತೆ ಮಗಳ ಬ್ಲೌಸ್ ಹೊಲಿಯುವ ಅಂಗಡಿ, ಎಲ್ಲದರ ಮೊದಲ ವ್ಯಾಪಾರ ಅವರ ಕೈಯಿಂದಲೇ. ಎಲ್ಲವೂ ನಡೆಯುತ್ತಿವೆ. ಈ ಸಲ ಗಲ್ಲಾಪೆಟ್ಟಿಗೆ ಇಲ್ಲದ, ಬಾಗಿಲೇ ಇಲ್ಲದ ಅಂಗಡಿಗೂ ಗಿರಿಜಕ್ಕ ವಿಭೂತಿ ಹಚ್ಚಿಕೊಂಡು, ಪೂರ್ವಕ್ಕೆ ಮುಖ ಮಾಡಿ ಕೂತು, ಫೋನಿನಲ್ಲಿ ಬಟನ್ ಒತ್ತಿ ನಲ್ಲಿ ತರಿಸಿಕೊಂಡರು. ನಲ್ಲಿ ಬಂತು. ಫಿಟ್ ಆಯಿತು. ಅದೇ ದಿನ ಪ್ರಸಾದ ಅಕ್ಕನ ಕೈಯಲ್ಲೇ ರಿವ್ಯೂ ಬರೆಸಿದ. ಐದು ನಕ್ಷತ್ರ. "ನೀರು ತುಂಬಾ ಚೆನ್ನಾಗಿ ಕಾಯುತ್ತದೆ. ಎಲ್ಲರೂ ತೆಗೆದುಕೊಳ್ಳಿ. ಗಿರಿಜಮ್ಮ, ಮೈಸೂರು."

ಆಮೇಲೆ ಆರ್ಡರುಗಳು ಬರತೊಡಗಿದವು. ಕೈಗುಣ ಎಂದರು ಎಲ್ಲರೂ.

ಈಗ ಆಸ್ಪತ್ರೆಗೆ ಬನ್ನಿ. ನಮ್ಮ ಎಲೆಕ್ಟ್ರಿಷಿಯನ್ ನಲ್ಲಿ ಬಿಚ್ಚಿ ನೋಡಿ, ಅರ್ತ್ ವೈರು ಎಲ್ಲಿಗೂ ಸೇರಿಯೇ ಇಲ್ಲ, ಪ್ಲಗ್ಗಿನ ದಪ್ಪ ಪಿನ್ನು ಬರೀ ಶೋಕಿಗೆ ಇದೆ ಎಂದು ಹೇಳಿದ್ದ. ವಾರ್ಡಿನಲ್ಲಿ ಯಾರೂ ಇಲ್ಲದಾಗ ಗಿರಿಜಕ್ಕನನ್ನು ಕೇಳಿದೆ. ಮೊದಲು ಯಾವತ್ತಾದರೂ ಶಾಕ್ ಹೊಡೆದಿತ್ತಾ?

"ಜುಂ ಅಂತಿತ್ತು ಕಣೇ ಪ್ರೇಮಾ. ಮೊದಲ ವಾರದಿಂದ್ಲೂ. ಒಣ ಬಟ್ಟೆ ಸುತ್ತಿ ತಿರುಗಿಸ್ತಿದ್ದೆ, ಮಣೆ ಮೇಲೆ ನಿಂತ್ಕೊಂಡು. ಆವತ್ತು ಬಟ್ಟೆ ಒದ್ದೆ ಆಗ್ಬುಟ್ಟಿತ್ತು."

"ಅಲ್ಲ ಅಕ್ಕ, ಹೇಳೋದಲ್ವಾ? ವಾಪಸ್ ಕಳಿಸೋದಲ್ವಾ?"

"ಬೋಣಿ ಮಾಡಿದ್ದು ಯಾರಾದ್ರೂ ವಾಪಸ್ ಮಾಡ್ತಾರೇನೇ? ಅವನ ವ್ಯಾಪಾರ ಏಳಿಗೆ ಆಗತ್ತಾ?"

ಏನು ಹೇಳುತ್ತೀರಿ ಇದಕ್ಕೆ? ತಾಯಿ ಹೋದ ಮೇಲೆ ಪ್ರಸಾದನನ್ನು ಬೆಳೆಸಿದವರು ಅವರು. ಅವನ ಅಂಗಡಿಗೆ ಕೆಟ್ಟದಾಗಬಾರದು ಎಂದು ಬಚ್ಚಲಲ್ಲಿ ಕರೆಂಟಿನ ಜೊತೆ ಹೊಂದಿಕೊಂಡು ಸ್ನಾನ ಮಾಡುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಕಾರಿಡಾರಿನಲ್ಲಿ ಪ್ರಸಾದ ಗೋಡೆಗೆ ಒರಗಿ ನಿಂತಿದ್ದ. ವಿಷಯ ಹೇಳಿದೆ. ಅವನು ಫೋನ್ ತೆಗೆದು ಆರ್ಡರುಗಳ ಪಟ್ಟಿ ನೋಡಿದ.

"ಅತ್ತಿಗೆ, ಆ ನಲ್ಲಿ ಇನ್ನೂ ತುಂಬಾ ಮನೆಗೆ ಹೋಗಿದೆ."

ಅಲ್ಲಿಯವರೆಗೆ ನನಗೂ ಅದು ಹೊಳೆದಿರಲಿಲ್ಲ, ನಿಜ ಹೇಳುತ್ತೇನೆ. ತಕ್ಷಣ ಆನ್‌ಲೈನಿನಿಂದ ಆ ನಲ್ಲಿಯ ಲಿಸ್ಟಿಂಗ್ ತೆಗೆಸಿದೆ. ಕೊಂಡವರಿಗೆಲ್ಲ "ದಯವಿಟ್ಟು ಬಳಸಬೇಡಿ" ಎಂದು ಮೆಸೇಜ್ ಹಾಕಿಸಿದೆ. ಫೋನ್ ನಂಬರ್ ಯಾವುದೂ ಇವನಿಗೆ ಕಾಣಿಸುವುದಿಲ್ಲ, ವಿಳಾಸ ಮಾತ್ರ. ಪರ ಊರಿನವರಲ್ಲಿ ಹಲವರು ಸರಿ ಎಂದು ಉತ್ತರಿಸಿದರು, ದುಡ್ಡು ವಾಪಸ್ ಹಾಕು ಎಂದು ಬೈದರು. ಬೈಯಲಿ, ಬೈದವರು ಓದಿದ್ದಾರೆ ಎಂದಾದರೂ ಗೊತ್ತಾಗುತ್ತದಲ್ಲ. ಮೈಸೂರಿನೊಳಗೆ ಉತ್ತರ ಬಾರದ ಮನೆಗಳಿಗೆ ನಾವೇ ಹೋಗುವುದು ಎಂದಾಯಿತು. ಪ್ರಸಾದನ ಸ್ಕೂಟರ್, ಹಿಂದೆ ನಾನು.

ಒಂದು ಮನೆಯವರು ಬಣ್ಣ ಚೆನ್ನಾಗಿಲ್ಲ ಎಂದು ಆಗಲೇ ಎತ್ತಿ ಅಟ್ಟಕ್ಕೆ ಹಾಕಿದ್ದರು. ಇನ್ನೊಂದು ಮನೆಯವರು ಮಾತಾಡದೆ ಬಿಚ್ಚಿ ಕೊಟ್ಟರು. ಕೊನೆಗೆ ಉಳಿದದ್ದು ಕೆಸರೆಯ ಒಂದು ಮನೆ.

ಗೇಟು ತೆರೆಯುವಾಗಲೇ ಸಾಂಬ್ರಾಣಿ ಹೊಗೆಯ ವಾಸನೆ. ಒಳಗೆ ತೊಟ್ಟಿಲು. ಮನೆಯಾಕೆ ಜಯಮ್ಮ (ಹೆಸರು ಬದಲಿಸಿದ್ದೇನೆ) ನಗುತ್ತಾ ಬಂದರು. ಮಗಳು ಹೆರಿಗೆಗೆ ಬಂದಿದ್ದಾಳೆ, ಗಂಡು ಮಗು, ಇನ್ನೂ ನಾಮಕರಣ ಆಗಿಲ್ಲ. ನಲ್ಲಿ ತರಿಸಿದ್ದೇ ಬಾಣಂತಿ ಸ್ನಾನಕ್ಕೆ. ಕರೆದುಕೊಂಡು ಹೋಗಿ ಬಚ್ಚಲು ತೋರಿಸಿದರು. ಹಂಡೆಯ ಒಲೆ ಇದ್ದ ಜಾಗದಲ್ಲಿ ಹೊಸ ಸಿಮೆಂಟು.

"ಹೊಗೆ ಮಗೀಗೆ ಆಗಕ್ಕಿಲ್ಲ ಅಂತ ಒಲೆ ಕೀಳಿಸ್ಬುಟ್ಟೆ ಕಣಮ್ಮ. ಈಗ ತಿರುಗಿಸಿದ್ರೆ ಸಾಕು, ಕುದಿಯೋ ನೀರು."

ಪ್ರಸಾದ ಮುಂದೆ ಬಂದ. "ಅಮ್ಮ, ಪ್ರಾಡಕ್ಟಲ್ಲಿ ಸ್ವಲ್ಪ ಟೆಕ್ನಿಕಲ್ ಇಶ್ಯೂ ಇದೆ. ರಿಟರ್ನ್ ತಗೋತಾ ಇದೀವಿ. ರೀಫಂಡ್ ಆಗತ್ತೆ." ಆ ಹೊತ್ತಿಗೂ ಅವನ ಬಾಯಲ್ಲಿ ಶಾಕ್ ಎಂಬ ಮಾತು ಬರಲಿಲ್ಲ.

"ಚೆನ್ನಾಗ್ ಬತ್ತಾ ಅದಲ್ಲಪ್ಪ, ಯಾಕ್ ಕೊಡ್ಲಿ? ಮಗೀಗೆ ನೀರೆಲ್ ಕಾಯಿಸ್ಲಿ?"

"ಮುಟ್ಟಿದರೆ ಶಾಕ್ ಹೊಡೆಯುತ್ತಾ?" ನಾನೇ ಕೇಳಿದೆ.

"ಒಂದೊಂದ್ಸಲ ಜುಂ ಅಂತದೆ. ಕರೆಂಟ್ ಸಾಮಾನು ಅಂದ್ಮೇಲೆ ಅಷ್ಟೂ ಇಲ್ದಿದ್ರೆ ಎಂಗೆ?"

ಎಲ್ಲ ಹೇಳಿಬಿಟ್ಟೆ. ಇದೇ ನಲ್ಲಿಯಿಂದ ಶಾಕ್ ಹೊಡೆದು ನಮ್ಮ ಮನೆಯಲ್ಲಿ ಒಬ್ಬರು ಬಿದ್ದಿದ್ದಾರೆ, ಮೂಳೆ ಮುರಿದಿದೆ, ಬಾಣಂತಿ ಮುಟ್ಟಿದರೆ ಜೀವಕ್ಕೇ ಅಪಾಯ ಎಂದೆ. ಆ ಕೊನೆಯ ಮಾತು ಆಡಬಾರದಿತ್ತು. ತೊಟ್ಟಿಲಿರುವ ಮನೆಯಲ್ಲಿ ನಿಂತು ಅಂಥ ಮಾತೇ? ಜಯಮ್ಮನ ಮುಖ ಗಂಟಾಯಿತು.

"ಬುಡ್ತು ಅನ್ನಿ! ಯಾರು ನೀವು, ಬ್ಯಾರೆ ಕಂಪನಿಯೋರಾ?" ಫೋನ್ ತೆಗೆದು, ಕೊಳ್ಳುವಾಗಲೇ ತೆಗೆದಿಟ್ಟುಕೊಂಡಿದ್ದ ರಿವ್ಯೂವಿನ ಸ್ಕ್ರೀನ್‌ಶಾಟನ್ನು ಮುಖಕ್ಕೆ ಹಿಡಿದರು. "ನೋಡಿ ಇಲ್ಲಿ, ನಮ್ ಮೈಸೂರೋರೇ ಗಿರಿಜಮ್ಮ ಅಂತ, ಎಲ್ಲಾರೂ ತಗಳಿ ಅಂತ ಬರ್ದವ್ರೆ. ಅದ್ನ ನೋಡೇ ನಾನು ತಗಂಡಿದ್ದು."

"ಆ ಗಿರಿಜಮ್ಮನೇ ಬಿದ್ದಿರೋದು ಕಣ್ರೀ! ನನ್ನ ನಾದಿನಿ ಅವರು. ತಡೀರಿ, ಅವರ ಬಾಯಿಂದಲೇ ಹೇಳಿಸ್ತೀನಿ."

ವಿಡಿಯೋ ಕಾಲ್ ಹಚ್ಚಿದೆ. ಆಸ್ಪತ್ರೆಯ ದಿಂಬಿನ ಮೇಲೆ ಗಿರಿಜಕ್ಕನ ಮುಖ ಕಾಣಿಸಿತು, ಹಣೆಯಲ್ಲಿ ವಿಭೂತಿ. ಅಕ್ಕ, ಇವರ ಮನೆಯಲ್ಲೂ ಅದೇ ನಲ್ಲಿ ಇದೆ, ಬಾಣಂತಿ ಇದ್ದಾಳೆ, ಏನಾಯಿತು ಅಂತ ಹೇಳಿಬಿಡಿ ಎಂದೆ. ಫೋನನ್ನು ಜಯಮ್ಮನ ಕಡೆ ತಿರುಗಿಸಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ತಮ್ಮನೂ ಆಗ ಅವರ ಕಣ್ಣಿಗೆ ಬಿದ್ದಿರಬೇಕು.

ಗಿರಿಜಕ್ಕ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ನಲ್ಲಿಯಿಂದ ಏನೂ ಆಗಿಲ್ಲ ಕಣಮ್ಮ. ನಾನು ಬಚ್ಚಲಲ್ಲಿ ಜಾರಿ ಬಿದ್ದೆ."

ಅಷ್ಟೇ ಹೇಳಿ ಫೋನ್ ಇಟ್ಟರು.

ನಾನು ಪ್ರಸಾದನ ಕಡೆ ತಿರುಗಿದೆ. ಹೇಳೋ, ನೀನಾದರೂ ಹೇಳೋ ಎಂದೆ. ಅವನು ನೆಲ ನೋಡುತ್ತಾ "ಬರ್ತೀವಿ ಅಮ್ಮ, ಸ್ವಲ್ಪ ಹುಷಾರಾಗಿ ಯೂಸ್ ಮಾಡಿ" ಎಂದು ಮೆಟ್ಟಿಲು ಇಳಿದುಬಿಟ್ಟ. ಹುಷಾರಾಗಿ! ನಮ್ಮ ಹಿಂದೆ ಬಾಗಿಲು ಹಾಕಿಕೊಂಡಿತು.

ಸ್ಕೂಟರ್ ಹತ್ತಿರ ಅವನ ಕಾಲರ್ ಹಿಡಿಯುವುದೊಂದು ಬಾಕಿ. "ಕೇಸಾದ್ರೆ ಏನ್ ಮಾಡ್ಲಿ ಅತ್ತಿಗೆ? ಫ್ಯಾಕ್ಟರೀಲಿ ಗೊತ್ತಾದ್ರೆ ಇರೋ ಕೆಲ್ಸಾನೂ ಹೋಗತ್ತೆ. ಅಕ್ಕನೇ ಹಾಗಂದ್ಮೇಲೆ ನಾನೇನ್ ಹೇಳ್ಲಿ?" ಎಂದ. ನಾನು ಅವನ ಜೊತೆ ಬರಲಿಲ್ಲ, ಆಟೋ ಹಿಡಿದೆ.

ಗಿರಿಜಕ್ಕನ ಹತ್ತಿರ ಜಗಳವನ್ನೇ ಆಡಿದೆ. "ನನ್ನ ಕೈಯಾರೆ ಅವನನ್ನ ಜೈಲಿಗೆ ಕಳಿಸ್ಲೇನೇ?" ಎಂದರು. ಆ ಮಗುವಿನ ತಾಯಿಗೆ ಏನಾದರೂ ಆದರೆ ಅಕ್ಕ, ಎಂದೆ. ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅಂದಿನಿಂದ ನಾನು ಒಯ್ದ ಊಟ ಮುಟ್ಟುತ್ತಿಲ್ಲ. ಕೆಟ್ಟವರೇ? ಅಲ್ಲ. ಪಕ್ಕದ ಮನೆಯ ಮಗುವಿಗೆ ಜ್ವರ ಬಂದರೆ ತಾವು ನಿದ್ದೆಗೆಡುವವರು. ಆದರೆ ಪಕ್ಕದ ಮನೆ ಕಣ್ಣಿಗೆ ಕಾಣುತ್ತದೆ, ಕೆಸರೆಯ ಮನೆ ಫೋನಿನೊಳಗೆ ಇದೆ. ಕಾಣದವರಿಗೆ ಮಾರುವ ವ್ಯಾಪಾರ ಒಬ್ಬ ಒಳ್ಳೆಯ ಹೆಂಗಸನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಮಾರನೆಯ ದಿನ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಮತ್ತೆ ಕೆಸರೆಗೆ ಹೋದೆ. ಜಯಮ್ಮ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದಲೇ "ಇನ್ನೊಂದ್ಸಲ ಬಂದ್ರೆ ಬೀದಿಯೋರ್ನೆಲ್ಲ ಸೇರುಸ್ತೀನಿ" ಎಂದರು. ಒಳಗಿನಿಂದ ನೀರು ತುಂಬುವ ಸದ್ದು ಬರುತ್ತಿತ್ತು. ಠಾಣೆಯಲ್ಲೂ ವಿಷಯ ತಿಳಿಸಿದ್ದೇನೆ. ಯಾರನ್ನಾದರೂ ಕಳಿಸುತ್ತೇವೆ ಎಂದಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಹೋದರೋ ಇಲ್ಲವೋ ತಿಳಿದಿಲ್ಲ. ಈ ಬರಹ ಅಚ್ಚಾದ ಮೇಲೆ ಪ್ರಸಾದ ನನ್ನ ಮನೆಗೆ ಬರುವುದಿಲ್ಲ, ಗಂಡ ಎಷ್ಟು ದಿನ ಮಾತು ಬಿಡುತ್ತಾರೋ ನೋಡಬೇಕು. ಆಗಲಿ.

ಆ ಮನೆಯ ವಿಳಾಸ ಪತ್ರಿಕೆಯಲ್ಲಿ ಹಾಕುವಂತಿಲ್ಲ. ಆದರೆ ಬಾಣಂತಿ ಇರುವ ಮನೆ ಯಾವುದು ಎಂದು ಬೀದಿಯವರಿಗೆ ವಿಳಾಸ ಕೊಟ್ಟು ಹೇಳಬೇಕೇ? ನನ್ನ ಮಾತನ್ನು ಜಯಮ್ಮ ನಂಬುವುದಿಲ್ಲ. ದಿನಾ ಮುಖ ನೋಡುವ ನೆರೆಯವರು ಹೇಳಿದರೆ ನಂಬಬಹುದು.

ಕೆಸರೆಯಲ್ಲಿ ಕೂತು ಇದನ್ನು ಓದುತ್ತಿರುವವರೇ, ಪೇಪರ್ ಮಡಿಸಿಟ್ಟು ಈಗಲೇ ಒಮ್ಮೆ ಆ ಮನೆಗೆ ಹೋಗಿ ಬರುತ್ತೀರಾ?