ಅಲ್ಲಾಡ್ಬೇಡಣ್ಣನ ತಲೆ

ಆ ಹೆಸರು ಇಟ್ಟದ್ದು ಬೀದಿಯವರು. ಕ್ಷೌರದ ಕುರ್ಚಿಯಲ್ಲಿ ಯಾರೇ ಬಂದು ಕೂರಲಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ ಕೂಡಲೇ ಅಲ್ಲಾಡ್ಬೇಡಣ್ಣನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಅಲ್ಲಾಡ್ಬೇಡಿ." ಬ್ಯಾಂಕಿನ ಮ್ಯಾನೇಜರಿಗೂ ಅದೇ, ಅಳುವ ಮಗುವಿಗೂ ಅದೇ. ಹೇಳುವವನು ಮಾತ್ರ ನಿಂತಲ್ಲಿ ನಿಲ್ಲುವ ಪೈಕಿ ಅಲ್ಲ. ಕುರ್ಚಿಯ ಸುತ್ತ ತಿರುಗುತ್ತಾ, ಕಿವಿಯ ಹಿಂದೆ ಇಣುಕುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಿಗೆಳೆಯುತ್ತಾ ಕೆಲಸ ಮಾಡುತ್ತಿದ್ದ. ಎಪ್ಪತ್ತು ದಾಟಿದ್ದರೂ ಕಾಲಿಗೆ ಚಕ್ರ ಕಟ್ಟಿಕೊಂಡವನು.

ಅಂಥವನನ್ನು ಈಗ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕೂರಿಸಿದ್ದರು. ಅವನ ಕುರ್ಚಿಯ ಹಿಂದೆ ಮಗಳು ನಿಂತಿದ್ದಳು. ಅವನ ಕತ್ತಿ ಡ್ರಾಯರಿನಲ್ಲಿತ್ತು, ಡ್ರಾಯರಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ಅವನು ದಿನಪತ್ರಿಕೆ ಬಿಡಿಸುತ್ತಿದ್ದ, ಮಡಚುತ್ತಿದ್ದ, ಏಳಲು ಹೋಗಿ ಗೋಡೆ ಹಿಡಿದು ಮತ್ತೆ ಕೂರುತ್ತಿದ್ದ.

ಆದದ್ದಿಷ್ಟು. ಎದುರು ಸಾಲಿನ ಗಡಿಯಾರ ರಿಪೇರಿಯವನು ಮುಖಕ್ಷೌರಕ್ಕೆ ಕೂತಿದ್ದ. ಇಬ್ಬರೂ ಒಂದೇ ಓರಗೆಯವರು, ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರದು. ಕತ್ತಿ ಕಿವಿಯ ಬಳಿ ಬಂದಾಗ ಗೆಳೆಯನ ತಲೆ ಮೆಲ್ಲಗೆ ಎಡಕ್ಕೆ ಜಾರಿದಂತೆ ಕಂಡಿತು.

"ಅಲ್ಲಾಡ್ಬೇಡ ಅಂದ್ನಲ್ಲ!"

"ನಾನೆಲ್ಲಿ ಅಲ್ಲಾಡಿದೆ? ಕಂಬದ ಹಾಗೆ ಕೂತಿದ್ದೀನಿ."

ಮರುಕ್ಷಣ ಮುಂದಿನ ಕನ್ನಡಿ, ಹಿಂದಿನ ಕನ್ನಡಿ, ಒಂದರೊಳಗೊಂದು ಹೊಕ್ಕ ಮುಖಗಳು ಎಲ್ಲವೂ ಗಿರ್ರನೆ ತಿರುಗಿ, ಕತ್ತಿ ಕಿವಿಯ ಹಾಲೆಗೆ ತಾಗಿತು. ಕಿವಿ ಉಳಿಯಿತು, ಅಂಗಿ ಉಳಿಯಲಿಲ್ಲ. ಮಗಳು ಗಾಯಕ್ಕೆ ಹತ್ತಿ ಒತ್ತಿದಳು. ಆಮೇಲೆ ಅಪ್ಪನ ಕೈಯಿಂದ ಕತ್ತಿ ತೆಗೆದುಕೊಂಡು ಡ್ರಾಯರಿಗೆ ಬೀಗ ಹಾಕಿದಳು.

ಗಡಿಯಾರದವನು ಅವಳ ಹತ್ತಿರವೂ ಕ್ಷೌರ ಮಾಡಿಸಿಕೊಳ್ಳಲಿಲ್ಲ. "ನಿನ್ನ ಕೈ ಚೆನ್ನಾಗಿದೆ ಕಣಮ್ಮ. ಆದ್ರೆ ಜಗಳಕ್ಕೆ ಬರಲ್ಲ," ಎಂದು ಗಡ್ಡ ಬಿಟ್ಟ.

ಅದಕ್ಕೂ ಮುಂಚೆ ಕೆಟ್ಟ ಜ್ವರವೊಂದು ಬಂದು ಹೋದಾಗಿನಿಂದಲೂ ಅಲ್ಲಾಡ್ಬೇಡಣ್ಣನಿಗೆ ತಲೆ ಸುತ್ತುತ್ತಿತ್ತು. ಅದನ್ನು ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ತನಗೆ ತಾನೇ ಮದ್ದು ಕಂಡುಕೊಂಡಿದ್ದ. ಏನೆಂದರೆ, ತಲೆ ಅಲ್ಲಾಡಿಸದಿರುವುದು. ಊರಿಗೆಲ್ಲ ಹೇಳಿದ್ದನ್ನು ಈಗ ತಾನೇ ಪಾಲಿಸತೊಡಗಿದ್ದ. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗಿಸದೆ, ಬೀರು ಸರಿಸಿದಂತೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಮುದುಕನಿಗೆ ಈ ವಯಸ್ಸಿನಲ್ಲಿ ಜಂಭ ಬಂದಿದೆ ಎಂದು ಬೀದಿಯವರು ಆಡಿಕೊಂಡರು. ತಲೆ ಸುತ್ತುತ್ತದೆ ಎನ್ನುವುದಕ್ಕಿಂತ ಜಂಭ ಎನಿಸಿಕೊಳ್ಳುವುದೇ ವಾಸಿ ಎಂದು ಅವನೂ ಸುಮ್ಮನಿದ್ದ.

ರಕ್ತ ಕಂಡ ಮೇಲೆ ಮಗಳು ಬಿಡಲಿಲ್ಲ. ಕಿವಿಯ ಡಾಕ್ಟರು ಪರೀಕ್ಷೆಯೆಲ್ಲ ಮುಗಿಸಿ, ಮಾತ್ರೆಯಿಂದ ಇದು ಹೋಗುವುದಿಲ್ಲ ಎಂದು ಪಕ್ಕದ ವ್ಯಾಯಾಮದ ಕೋಣೆಗೆ ಕಳುಹಿಸಿದರು. ಅಲ್ಲಿದ್ದ ಮೇಡಂ ಅವನ ಮಗಳಿಗಿಂತ ಚಿಕ್ಕವಳು. ಗೋಡೆಗೆ ದೊಡ್ಡ ಅಕ್ಷರವೊಂದನ್ನು ಅಂಟಿಸಿ ಎದುರು ನಿಲ್ಲಿಸಿದಳು.

"ಕಣ್ಣು ಅಕ್ಷರದ ಮೇಲಿರಲಿ ಯಜಮಾನ್ರೇ. ಈಗ ತಲೆ ಅಲ್ಲಾಡಿಸಿ."

ಅವನು ತಪ್ಪಾಗಿ ಕೇಳಿಸಿತೆಂದುಕೊಂಡ. "ಏನು ಮಾಡ್ಬೇಕು?"

"ತಲೆ ಅಲ್ಲಾಡಿಸಿ. ಎಡಕ್ಕೆ, ಬಲಕ್ಕೆ."

"ಅಲ್ಲಾಡಿಸಿದ್ರೆ ಸುತ್ತುತ್ತೆ ಅಂತ ತಾನೇ ನಾನು ಬಂದಿರೋದು?"

"ಅದಕ್ಕೇ ಅಲ್ಲಾಡಿಸ್ಬೇಕು. ಕಿವಿಯೊಳಗೆ ಸಮತೋಲ ನೋಡ್ಕೊಳ್ಳೋ ಜಾಗ ಒಂದು ಕಡೆ ಸೊರಗಿದೆ. ಅದು ಹೇಳೋ ಅರ್ಧ ಮಾತಲ್ಲೇ ಮೆದುಳು ಕೆಲಸ ನಡೆಸೋದನ್ನ ಕಲೀಬೇಕು. ನೀವು ಕತ್ತು ಬಿಗಿ ಹಿಡಿದು ಅದಕ್ಕೆ ರಜಾ ಕೊಟ್ಟುಬಿಟ್ಟಿದ್ದೀರಿ."

ಹಿಂದೆ ನಿಂತಿದ್ದ ಮಗಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಾಡ್ಬೇಡಣ್ಣ ಕೆಂಡವಾದ.

ಆದರೆ ಕತ್ತಿ ಬೇಕಿತ್ತು. ಕತ್ತಿಯಿಲ್ಲದೆ ತಾನು ಯಾರು ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ, ಆ ಯೋಚನೆ ಬಂದಾಗಲೆಲ್ಲ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಹಾಗಾಗಿ ಮನೆಗೆ ಬಂದವನೇ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ದೆವ್ವ ಹಿಡಿದವನ ಹಾಗೆ ತಲೆ ಕೊಡವಿದ. ಬೇಗ ಅಲ್ಲಾಡಿಸಿದರೆ ಬೇಗ ವಾಸಿಯಾಗುತ್ತದೆ ಎಂಬುದು ಅವನ ಲೆಕ್ಕ. ಆ ದಿನವೆಲ್ಲ ಬಕೆಟ್ಟಿನ ಪಕ್ಕದಲ್ಲಿ ಮಲಗಿದ.

"ಸ್ವಲ್ಪ ಸುತ್ತು ಬರ್ಬೇಕು, ಸ್ವಲ್ಪ ಹೊತ್ತಲ್ಲಿ ಇಳೀಬೇಕು," ಎಂದಳು ಮೇಡಂ, ಮುಂದಿನ ಸಲ ಹೋದಾಗ. "ಅಕ್ಷರ ಮಸುಕಾಗದ ಹಾಗೆ, ನಿಧಾನ. ನೀವು ಮಾಡಿದ್ದು ವ್ಯಾಯಾಮ ಅಲ್ಲ, ಸಿಟ್ಟು ತೀರಿಸ್ಕೊಂಡಿದ್ದು."

ನಿಧಾನ ಎಂಬುದು ಅವನ ಜಾತಕದಲ್ಲೇ ಇರಲಿಲ್ಲ. ಆದರೂ ಕಲಿತ. ಅಂಗಡಿಯ ಮೂಲೆಯಲ್ಲಿ ಬೆನ್ನ ಹಿಂದೆ ಎರಡು ಗೋಡೆ, ಮುಂದೆ ಹಿಡಿದುಕೊಳ್ಳಲು ಒಂದು ಕುರ್ಚಿ; ಪಾದ ಜೋಡಿಸಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಅದು ಒಗ್ಗಿದ ಮೇಲೆ ದಿಂಬಿನ ಮೇಲೆ. ಬಾಗಿಲ ಗಾಜಿನ ಮೇಲೆ ಬರೆದಿದ್ದ 'ಸೆಲೂನ್' ಕನ್ನಡಿಯಲ್ಲಿ ಕಾಣುತ್ತಿತ್ತು. ಅದರಲ್ಲಿ 'ಲೂ' ಅಕ್ಷರವನ್ನು ಕಣ್ಣಲ್ಲಿ ಹಿಡಿದು ತಲೆ ತಿರುಗಿಸುತ್ತಿದ್ದ. ಹಾಳಾದ ಅಕ್ಷರ ಪ್ರತಿ ಸಲವೂ ಜಾರಿಕೊಳ್ಳುತ್ತಿತ್ತು. ಮಗಳು ಗಿರಾಕಿಯ ತಲೆ ಬಾಚುತ್ತಲೇ ಒಂದು ಕಣ್ಣು ಇತ್ತ ಇಟ್ಟಿರುತ್ತಿದ್ದಳು.

"ಅಲ್ಲಾಡ್ಬೇಡಣ್ಣ ಅಲ್ಲಾಡ್ತಿದ್ದಾನೆ ನೋಡ್ರೋ!" ಎಂದು ಬೆಂಚಿನವರು ನಕ್ಕರು. ನಗಲಿ ಎಂದು ಬಿಟ್ಟ.

ಗಡಿಯಾರದವನ ಗಡ್ಡ ಅಂಗಿಯ ಮೊದಲ ಗುಂಡಿ ಮುಟ್ಟಿದಾಗ, ಅಲ್ಲಾಡ್ಬೇಡಣ್ಣ ತಾಳ್ಮೆ ಕಳೆದುಕೊಂಡ.

"ಬೀಗದ ಕೈ ಕೊಡು."

"ಕೊಡಲ್ಲಪ್ಪ."

"ನಿನ್ನ ಕೈಗೆ ಕೆಲಸ ಕಲಿಸಿದ್ದು ನಾನು!"

"ಅದಕ್ಕೇ ಕೊಡಲ್ಲ. ನಂಬಿಕೆ ಇಲ್ಲದ ಕೈ ಇನ್ನೊಬ್ಬರ ಕುತ್ತಿಗೆ ಹತ್ರ ಹೋಗಬಾರದು ಅಂತ ಕಲಿಸಿದ್ದೂ ನೀನೇ."

ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ಇವನ ಸಿಟ್ಟು ಇಳಿಯಲಿಲ್ಲ. ಆದರೂ ಮತ್ತೆ ಮೂಲೆಗೆ ಹೋಗಿ ದಿಂಬು ಹತ್ತಿದ.

ಒಂದು ಬೆಳಿಗ್ಗೆ, ತಲೆ ಎಡಕ್ಕೆ ಹೋದರೂ 'ಲೂ' ಅಲ್ಲೇ ಇತ್ತು. ಬಲಕ್ಕೆ ತಿರುಗಿಸಿದ, ಅಲ್ಲೇ ಇತ್ತು. ಯಾರಿಗೂ ಹೇಳದೆ ಬೀದಿಗಿಳಿದು, ಅತ್ತಿತ್ತ ನೋಡುತ್ತಾ, ಕಂಡವರನ್ನೆಲ್ಲ ಮಾತಾಡಿಸುತ್ತಾ ಗಡಿಯಾರದ ಅಂಗಡಿಯವರೆಗೆ ನಡೆದ. ಎಲ್ಲೂ ಗೋಡೆ ಹಿಡಿಯಲಿಲ್ಲ.

ಗಡಿಯಾರದವನು ಭೂತಗನ್ನಡಿಯನ್ನು ಕಣ್ಣಿಂದ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗಡ್ಡ ಕೆರೆದುಕೊಂಡ. ಆಮೇಲೆ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಹೊರಟುಬಂದ. ಸೆಲೂನಿನ ಕುರ್ಚಿಯಲ್ಲಿ ಕೂತು ಮಗಳಿಗೆ ಹೇಳಿದ, "ಡ್ರಾಯರ್ ತೆಗಿಯಮ್ಮ. ಈ ಕುತ್ತಿಗೆ ನಂದು."

ಅವಳು ಅಪ್ಪನನ್ನು ನೋಡಿದಳು. ಎಡಕ್ಕೆ ತಿರುಗು ಎಂದಳು, ತಿರುಗಿದ. ಬಗ್ಗು ಎಂದಳು, ಬಗ್ಗಿ ಎದ್ದು ನಿಂತ. ಅಪ್ಪನ ಕಾಲು ಒಂದಿಷ್ಟೂ ಕದಲಲಿಲ್ಲ. ಬೀಗ ತೆಗೆದಳು.

ಗಡ್ಡಕ್ಕೆ ಮೊದಲು ಕತ್ತರಿ ಆಡಿಸಿದ, ಆಮೇಲೆ ನೊರೆ. ಕೆನ್ನೆ ಮುಗಿಯಿತು, ಗದ್ದ ಮುಗಿಯಿತು. ಕತ್ತಿ ಕಿವಿಯ ಬಳಿಗೆ, ಆ ಹಳೇ ಗಾಯದ ಗುರುತಿನ ಬಳಿಗೆ ಬಂದಾಗ, ಗೆಳೆಯನ ತಲೆ ಮೆಲ್ಲಗೆ ಎಡಕ್ಕೆ ಜಾರಿತು.

ಅಲ್ಲಾಡ್ಬೇಡಣ್ಣನ ಕೈ ಗಾಳಿಯಲ್ಲೇ ನಿಂತಿತು. "ಅಲ್ಲಾಡ್ಬೇಡ," ಎಂದ.

ಅವತ್ತಿನದೇ ಜಾಗ, ಅವತ್ತಿನದೇ ಮಾತು. ಮಗಳು ಕೈ ಚಾಚಿದಳು. ಅವನು ಕತ್ತಿಯನ್ನು ದೂರ ಹಿಡಿದು, ಕನ್ನಡಿಯಲ್ಲಿ 'ಲೂ' ನೋಡಿದ. ಅದು ಇದ್ದಲ್ಲೇ ಇತ್ತು. ಮತ್ತೆ ಗೆಳೆಯನ ಮುಖ ನೋಡಿದ.

"ನಾನಲ್ಲ. ಅಲ್ಲಾಡ್ತಿರೋದು ನೀನು."

ಗಡಿಯಾರದವನು ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತಿದ್ದ.

"ಹೌದು ಕಣಯ್ಯ, ನಾನೇ," ಎಂದ ಕೊನೆಗೆ. "ಕಿವಿ ನೆನಪಾಯ್ತು. ಹೆದರಿಕೊಂಡೆ."

ಅಷ್ಟು ಸಂತೋಷ ಅಲ್ಲಾಡ್ಬೇಡಣ್ಣನಿಗೆ ಎಂದೂ ಆಗಿರಲಿಲ್ಲ.

"ಹಾಗಾದ್ರೆ ಅಲ್ಲಾಡ್ಬೇಡ!" ಎಂದು ಬೀದಿಗೆಲ್ಲ ಕೇಳುವಂತೆ ಗದರಿದ. ಮಗಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸೊಂಟದಿಂದ ಬೀಗದ ಕೈ ಬಿಚ್ಚಿ ಕನ್ನಡಿಯ ಮುಂದೆ ಅವನ ಬಾಚಣಿಗೆಯ ಪಕ್ಕದಲ್ಲಿ ಇಟ್ಟಳು.