ಎಕ್ಸ್‌ರೇ ಕೋಣೆಯ ದನಿ

ಶಕುನ, ಸೂಚನೆ, ಕನಸಲ್ಲಿ ಬಂದು ಹೇಳಿದ್ದು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಗರದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವಳು ನಾನು. ಫಿಲ್ಮಿನಲ್ಲಿ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ಹಾಗಂತ ಎಷ್ಟು ಜನರ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆನೋ! ಈಗ ಇದನ್ನು ಬರೆಯಲು ನನಗೇ ನಾಚಿಕೆ.

ಹೊಸನಗರದಲ್ಲಿರುವ ನನ್ನಣ್ಣನ ಮಗಳು ಸಿಂಚನಾಗೆ ಹನ್ನೊಂದನೇ ವಯಸ್ಸಿಗೆ ಮೊಣಕಾಲಿನ ಮೂಳೆಗೆ ಕ್ಯಾನ್ಸರ್ ಬಂದಿತ್ತು. ಆಪರೇಷನ್, ಕೀಮೋ ಎಲ್ಲ ಮುಗಿದು, ಕೂದಲು ಬಂದು, ಮತ್ತೆ ಶಾಲೆಗೆ ಹೋಗುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್ ತಪ್ಪಿಸಬೇಡಿ, ಈ ಕಾಯಿಲೆ ಮರಳಿದರೆ ಹೆಚ್ಚಾಗಿ ಶ್ವಾಸಕೋಶಕ್ಕೇ, ಮೊದಮೊದಲು ಗೊತ್ತೂ ಆಗುವುದಿಲ್ಲ ಎಂದು ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರು ಬಡಕೊಂಡು ಹೇಳಿದ್ದರು. ನಮ್ಮಣ್ಣ ಮಹಾಶಯ ಮಾಡಿದ್ದೇನು? ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿದ. ದೇವರ ಮೇಲಿನ ಹೂವು ಬಲಕ್ಕೆ ಬಿತ್ತಂತೆ.

"ಬಲಕ್ಕೆ ಬಿದ್ರೆ ಒಳ್ಳೇದು ಕಣೇ. ಮಗು ಆರಾಮಿದೆ, ಸ್ಕ್ಯಾನ್ ಈ ಸಲ ಬ್ಯಾಡ" ಅಂದ ಫೋನಿನಲ್ಲಿ.

"ಹೂವಿಗೆ ಶ್ವಾಸಕೋಶ ಕಾಣ್ತದಾ? ಎಂಥಾ ಹೆಡ್ಡ ಮಾರಾಯ ನೀನು!" ಎಂದು ಫೋನಿಟ್ಟೆ. ಬೈದೆ ಅಷ್ಟೇ, ನಾನೂ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಹೊತ್ತು. ಕ್ಲಿನಿಕ್ಕಿನಲ್ಲಿ ರೋಗಿಗಳಿರಲಿಲ್ಲ. ಎಕ್ಸ್‌ರೇ ಕೋಣೆಯ ಬಾಗಿಲನ್ನು ನಾನೇ ಹಾಕಿದ್ದೆ. ಒಳಗಿನಿಂದ ಸಿಂಚನಾ ದನಿ ಕೇಳಿಸಿತು: "ಅತ್ತೆ, ಉಸಿರು ಬಿಡ್ಲಾ?" ಎದೆಯ ಎಕ್ಸ್‌ರೇಗೆ ಉಸಿರು ಹಿಡಿಸಿ ನಿಲ್ಲಿಸಿದಾಗ ಮಕ್ಕಳು ಕೇಳುವ ಮಾತು ಅದು.

ಬಾಗಿಲು ತೆಗೆದೆ. ಯಾರೂ ಇಲ್ಲ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಸಿಕ್ಕ ಬಸ್ಸು ಹತ್ತಿ ಹೊಸನಗರಕ್ಕೆ ಹೋದೆ. ಅವಳು ಗೆಳತಿಯರ ಜೊತೆ ಚೌಕಾಬಾರ ಆಡುತ್ತಿದ್ದಳು, ಕೆಮ್ಮಿಲ್ಲ, ನೋವಿಲ್ಲ. ಅಣ್ಣನ ಜೊತೆ ಜಗಳಾಡಿ, ಬೆಳಿಗ್ಗೆ ಅವಳನ್ನು ಘಟ್ಟ ಇಳಿಸಿದೆ. ಸ್ಕ್ಯಾನಿನಲ್ಲಿ ಕಡಲೆಕಾಳಿಗಿಂತ ಸಣ್ಣ ಗಂಟು ಕಂಡಿತು. ಬೇಗ ಸಿಕ್ಕಿದ್ದರಿಂದ ತೆಗೆಯಬಹುದು ಎಂದರು, ತೆಗೆದರು.

"ಏನು ನೋಡಿ ಕರ್ಕೊಂಡು ಬಂದ್ರಿ?" ಎಂದು ಡಾಕ್ಟರು ಕೇಳಿದಾಗ, ಸ್ಕ್ಯಾನಿನ ತಾರೀಖು ನೋಡಿ ಬಂದೆ ಎಂದೆ.

ಕಿವಿಯ ಭ್ರಮೆ ಇರಬೇಕು. ಹಾಗಂತ ನನ್ನನ್ನು ಒಪ್ಪಿಸಲು ನನಗೆ ಇವತ್ತಿಗೂ ಆಗಿಲ್ಲ.

ಮುಂದಿನ ಸ್ಕ್ಯಾನಿನ ಹೊತ್ತಿಗೆ ಅಣ್ಣ ಫೋನು ಮಾಡಿದ. "ಈ ಸಲ ನಿಂಗೆ ಏನಾದ್ರೂ ಕೇಳಿಸ್ತಾ? ಇಲ್ದಿದ್ರೆ ಬಿಡಣ ಅಂತ."

ಬಾಯಿಗೆ ಬಂದ ಹಾಗೆ ಬೈದು, ಮರುದಿನವೇ ಹೊರಡಿಸಿದೆ. ಆ ಫೋನಿಗೆ ಮುಂಚಿನ ವಾರವೆಲ್ಲ ಮಧ್ಯಾಹ್ನದ ಊಟ ಬಿಟ್ಟು, ಎಕ್ಸ್‌ರೇ ಕೋಣೆಯ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ಕೂತಿದ್ದೆ ಎಂದು ಮಾತ್ರ ಅವನಿಗೆ ಹೇಳಲಿಲ್ಲ. ಏನೂ ಕೇಳಿಸದಿದ್ದದ್ದಕ್ಕೆ ಸಮಾಧಾನವನ್ನೂ ಪಟ್ಟಿದ್ದೆ, ಥೂ.