ಬುದ್ಧಿ ಬಂತು, ಮತ್ತೆ?

'ಕೃತಕ ಬುದ್ಧಿಮತ್ತೆ' ಎನ್ನುವಾಗ ನನಗೇಕೋ 'ಬುದ್ಧಿ' ಆದ ಮೇಲೆ ಉಸಿರು ನಿಂತು, 'ಮತ್ತೆ?' ಎಂಬುದು ಪ್ರಶ್ನೆಯಾಗಿ ಹೊರಬೀಳುತ್ತದೆ. ನಿವೃತ್ತ ಕನ್ನಡ ಮೇಷ್ಟರ ಹಲ್ಲುಸೆಟ್ಟಿನ ದೋಷವೆಂದು ನೀವು ನಗಬಹುದು. ಈ ಬುದ್ಧಿಯಿಂದ ದೇಶದ ಜೀವನಮಟ್ಟವೇ ಏರುತ್ತದೆಂದು ಚಾಮರಾಜನಗರದ ಸಭೆಯೊಂದರಲ್ಲಿ ಭಾಷಣಕಾರರು ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದವನೇ. ಅಂಗೈಯ ಬಿಸಿ ಆರುವ ಮೊದಲೇ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಾಡಂಚಿನಲ್ಲಿ ನಡೆದದ್ದನ್ನು ಕೇಳಿ.

ಅಕ್ಕ ಶಿವಮ್ಮನ ಮಂಡಿನೋವನ್ನು ಗುಂಡ್ಲುಪೇಟೆಯಲ್ಲಿ ಡಾಕ್ಟರಿಗೆ ತೋರಿಸಿ, ಅವಳ ಊರಿಗೆ ಬಿಟ್ಟುಬರಲು ಸಂಜೆಯ ಬಸ್ಸು ಹತ್ತಿದ್ದೆ. ಊರೊಳಗೆ ಬಸ್ಸಿಲ್ಲ, ಹೆದ್ದಾರಿಯಲ್ಲಿಳಿದು ಮಣ್ಣುದಾರಿಯಲ್ಲಿ ನಡೆಯುವುದೇ ಗತಿ. ನಮ್ಮನ್ನಿಳಿಸಿ ಬಸ್ಸು ಮರೆಯಾದ ಮೇಲೆ ಮೊಬೈಲು ಟಿಣ್ ಎಂದಿತು. ಕಾಡಂಚಿನ ಕ್ಯಾಮರಾಗಳು ಆನೆಯನ್ನು ತಾವೇ ಗುರುತಿಸಿ ಸುತ್ತಲಿನವರಿಗೆ ಸುದ್ದಿ ಮುಟ್ಟಿಸುವ ಹೊಸ ವ್ಯವಸ್ಥೆ. 'ನಿಮ್ಮ ದಾರಿಯಲ್ಲಿ ಒಂಟಿ ಸಲಗವಿದೆ. ಸುರಕ್ಷಿತ ಸ್ಥಳಕ್ಕೆ ತೆರಳಿ.'

ಓದಿ ಹೇಳಿದೆ. ಅಕ್ಕ ಸುತ್ತ ನೋಡಿದಳು. ಒಂದು ಕಡೆ ಕಾಡು, ಇನ್ನೊಂದು ಕಡೆ ಬಯಲು ಹೊಲ.

"ಆನೆ ಎಲ್ಲದ ಅಂತ ಅದಕ್ಕ ಗೊತ್ತಲ್ಲ, ನಾವೆಲ್ಲಿಗೋಗಬೇಕು ಅಂತ್ಲೂ ಅದ್ನೇ ಕೇಳ್ಲಾ."

ಅಷ್ಟರಲ್ಲಿ ಪೊದೆ ಅಲುಗಿತು. ಸಲಗ ಮಣ್ಣುದಾರಿಗೆ ಬಂದು, ಕಿವಿಯಗಲಿಸಿ, ನಮ್ಮತ್ತ ತಿರುಗಿ ನಿಂತಿತು. ಸಂದೇಶ ಅಕ್ಷರಶಃ ಸತ್ಯವಾಗಿತ್ತು. ಸತ್ಯವೊಂದು ಅಷ್ಟು ಹತ್ತಿರ ನಿಂತು ಉಸಿರಾಡುವಾಗ ಅದರಿಂದ ಏನು ಪ್ರಯೋಜನವೆಂದು ಮಾತ್ರ ಹೊಳೆಯಲಿಲ್ಲ. ಅಕ್ಕನ ಮಂಡಿಗೆ ಓಟ ಸಾಧ್ಯವಿರಲಿಲ್ಲ.

"ನೀ ಓಗು, ನಾ ಇಲ್ಲೇ ನಿಂತಿರ್ತಿನಿ," ಎಂದು ಪಿಸುಗುಟ್ಟಿದಳು. ನಾನು ಅವಳ ಕೈ ಬಿಡಲಿಲ್ಲ. ಶೌರ್ಯವೆಂದು ಭಾವಿಸಬೇಡಿ, ನನ್ನ ಕಾಲೂ ಏಳಲಿಲ್ಲ.

ತರಕಾರಿ ತುಂಬಲು ಕೇರಳದಿಂದ ಗುಂಡ್ಲುಪೇಟೆಗೆ ಹೊರಟಿದ್ದ ಖಾಲಿ ಲಾರಿಯೊಂದು ಹೆದ್ದಾರಿಯಿಂದ ಬದಿಗೆ ಸರಿದು ಬಂದು ನಮಗೂ ಆನೆಗೂ ನಡುವೆ ನಿಂತಿತು. "ಕೇರಿಕ್ಕೋ, ಬೇಗ ಹತ್ತಿ," ಎಂದು ಡ್ರೈವರು ಬಾಗಿಲು ತೆರೆದ. ಅಕ್ಕನನ್ನು ನಾನು ಕೆಳಗಿನಿಂದ ನೂಕಿದೆ, ಆತ ಮೇಲಿನಿಂದ ಎಳೆದ. ಗುಂಡ್ಲುಪೇಟೆಯ ದೀಪಗಳು ಕಂಡ ಮೇಲೆ ಆತ ನಮ್ಮನ್ನು ನನ್ನ ಮನೆಯ ಬೀದಿಯ ತಿರುವಿನಲ್ಲಿ ಇಳಿಸಿ ಹೋದ.

ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ, ಮೊಬೈಲು ಎಚ್ಚರಿಸದಿದ್ದರೆ ಆ ದಾರಿಯಲ್ಲಿ ಅರ್ಧ ನಡೆದಿರುತ್ತಿದ್ದೆವಲ್ಲ ಎಂದು ಯಂತ್ರದ ಪರ ವಾದಿಸಿದೆ.

"ಸುಳ್ಳಲ್ಲ," ಎಂದಳು ಅಕ್ಕ. "ಆದ್ರ ನಾಳನೂ ನಡ್ದೇ ಓಗಬೇಕಲ್ಲ ಕಣ್ಲಾ."

ದೇಶದ ಬುದ್ಧಿ ಏರುತ್ತಿರುವುದು ನಿಜ. ಅಕ್ಕನಿಗೆ ಏರಲು ಬಸ್ಸಿಲ್ಲ.

ಬೆಳಿಗ್ಗೆ ಹೆದ್ದಾರಿಯ ಬಸ್ಸಿನಲ್ಲಿ ಹೋಗಿ ಅಲ್ಲೇ ಇಳಿದೆವು. ಮೊಬೈಲು ಸುಮ್ಮನಿತ್ತು. ಅಕ್ಕ ನನ್ನ ಭುಜ ಹಿಡಿದು, ಎರಡೂ ಬದಿ ನೋಡುತ್ತ, ಕುಂಟುತ್ತ ಮಣ್ಣುದಾರಿಗೆ ಕಾಲಿಟ್ಟಳು.